ಹನ್ನೊಂದು ಚಮಚ

ಆ ವರ್ಷ ಹನ್ನೆರಡು ಜನರಲ್ಲಿ ನಾನೂ ಒಬ್ಬ.
ಏಳನೆಯ ಕುರ್ಚಿ. ಹಿಂದಿನ ರಾತ್ರಿಯೇ
ಉಗುರು ಕತ್ತರಿಸಿ, ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ,
ಬೆಳಿಗ್ಗೆ ಮತ್ತೊಮ್ಮೆ ಸೋಪು ಹಚ್ಚಿ ತೊಳೆದಿದ್ದೆ.
ಪಾದ್ರಿಯ ಕೈಗೆ ಕೊಳೆ ಹತ್ತಬಾರದಲ್ಲ.
ಪವಿತ್ರ ಗುರುವಾರದ ಸಂಜೆ, ಇಸ್ತ್ರಿಯ ಪ್ಯಾಂಟು ಮಡಚಿ ಕೂತೆ.
ಗುಲಾಬಿ ಎಸಳು ತೇಲುವ ನೀರು
ಹೆಬ್ಬೆರಳ ಮೇಲೆ ಸಣ್ಣಗೆ, ಮೂರು ಸಲ.
ಬಿಳಿ ಟವೆಲ್ಲು ಒದ್ದೆ ಕೂಡ ಆಗಲಿಲ್ಲ.

ಮೂರನೆಯ ಬೆಂಚಿನ ತುದಿ, ಫ್ಯಾನಿನ ಕೆಳಗೆ,
ನತಾಲಿನ್ ಮಾವಶಿಯ ಜಾಗ ಖಾಲಿ.
ನನ್ನನ್ನು ಹನ್ನೆರಡರಲ್ಲಿ ಸೇರಿಸಿರೆಂದು
ತಿಂಗಳಿಡೀ ಪಾದ್ರಿಯ ಬೆನ್ನು ಹತ್ತಿದವಳೇ ಇಲ್ಲ!
ಬೈತಖೋಲದ ಏರಿನಲ್ಲಿ ಸೈಕಲ್ ತಳ್ಳುತ್ತ
ಏನೇನು ಬೈಯಬೇಕೆಂದು ಹೊಂದಿಸಿಕೊಂಡೆ.

ಅಂಗಳದ ಬಲ್ಬಿನಡಿ
ಸಿಗಡಿ ಸುಲಿಯುವ ಅಲ್ಯುಮಿನಿಯಂ ಬೋಗುಣಿ.
ಅದರೊಳಗೆ ಒಂದು ಕಾಲು.
ತೀರಿಹೋದ ಮಾವನ ಆರಾಮಕುರ್ಚಿಯಲ್ಲಿ
ಹಲ್ಲು ಕಚ್ಚಿ ಕೂತಿದ್ದ
ಯಾರೋ ಹುಡುಗ.

ಟ್ರಾಲರಿನವನು. ಬಲೆ ಸುರಿದಾಗ
ರಾಶಿಯೊಳಗೆ ತೊರಕೆ ಇತ್ತು, ಬಾಲ ಬೀಸಿತು.
ತಾಂಡೇಲ ಅವನನ್ನು ಧಕ್ಕೆಗೆ ಇಳಿಸಿ
"ಆಸ್ಪತ್ರೆ ಅಲ್ಲಿ" ಎಂದು ಕೈ ತೋರಿಸಿ
ಐಸು ತುಂಬಿಸಲು ಹೋದ.
ಅಲ್ಲಿ ಎಂದರೆ ಎಲ್ಲಿ?
ಕುಂಟುತ್ತ ಬಂದು ನಿಂತದ್ದು ಬೆಳಕಿದ್ದ ಮೊದಲ ಬಾಗಿಲಿಗೆ.
ಮಾವಶಿ ಹೊಸ ಸೀರೆಯುಟ್ಟು, ಜಪಮಾಲೆ ಹಿಡಿದು,
ಚಪ್ಪಲಿ ಮೆಟ್ಟುತ್ತಿದ್ದಳಂತೆ.

"ಏನು ನೋಡ್ತೀಯ, ಹಂಡೆಯಿಂದ ಇನ್ನೊಂದು ಚೊಂಬು ತಾ.
ಬಿಸಿ. ಇನ್ನೂ ಬಿಸಿ.
ಮೊದಲು ನಿನ್ನ ಕೈ ಅದ್ದಿ ನೋಡು, ಸುಡಬಾರದು."
ತೊರಕೆಯ ನಂಜು ಬಗ್ಗುವುದು ಬಿಸಿನೀರಿಗೆ;
ಮಾವ ಕಡಲಿಗೆ ಹೋಗುತ್ತಿದ್ದಾಗ ಕಲಿತ ವಿದ್ಯೆ.

ನೀರು ಕೆಂಪಾಯಿತು, ಚೆಲ್ಲಿದಳು.
ಮತ್ತೆ ಕೆಂಪಾಯಿತು, ಮತ್ತೆ ಚೆಲ್ಲಿದಳು.
ಡೀಸೆಲ್ಲು, ಮೀನಿನ ಲೋಳೆ, ಬೆರಳ ಸಂದಿಯ ಹಳೇ ಹುಣ್ಣು.
ಕೊನೆಗೆ ಹೊಸ ಸೀರೆಯ ಸೆರಗಿನಿಂದಲೇ ಒರೆಸಿದಳು.
ನಾನು ಬೆರಗಾಗಿ ನೋಡಿದರೆ,
"ಟವೆಲ್ಲಿಗೆ ಏಳಬೇಕಲ್ಲ ಮಾರಾಯ, ಮೊಣಕಾಲು ನೋವು."

ಹೆಸರು ಕೇಳಿದಳು. ಸುಕ್ರಾ, ಅಂದ.
"ಸುಕ್ರಾರ ನಾಳೆಯಲ್ಲವೋ" ಎಂದು ಕೊಂಕಣಿಯಲ್ಲಿ ಹೇಳಿ
ತನ್ನ ತಮಾಷೆಗೆ ತಾನೇ ನಕ್ಕಳು.
ಊರು ರಾಂಚಿಯಿಂದ ಆಚೆ:
ರೈಲಿಳಿದರೆ ಬಸ್ಸು, ಬಸ್ಸಿಳಿದರೆ ನಡಿಗೆ.
ಸಮುದ್ರ ಕಂಡದ್ದೇ ನವೆಂಬರಿನಲ್ಲಿ.
ಗಂಜಿ ಉಂಡ, ಮಾವಿನ ಮಿಡಿ ಚೀಪಿದ.
ಬಂಗಡೆ ಮುಂದಿಟ್ಟರೆ ಮುಖ ಕಿವುಚಿದ ನೋಡಿ,
ಮೂವರಿಗೂ ನಗು ತಡೆಯಲಾಗಲಿಲ್ಲ.

ಸೈಕಲ್ಲಿನ ಹಿಂದೆ ಕೂರಿಸಿ ಆಸ್ಪತ್ರೆಗೆ ಒಯ್ದೆ.
ಸೂಜಿ ಚುಚ್ಚಿದರು, ಚೀಟಿ ಕೊಟ್ಟರು.
ಜೊತೆಗೆ ಬಂದವರ ಹೆಸರು: ಬರೆದೆ.
ರೋಗಿಗೆ ಸಂಬಂಧ:
ಪೆನ್ನು ಅಲ್ಲೇ ನಿಂತಿತು.
ಮಾವಶಿಯಾಗಿದ್ದರೆ ಏನಾದರೊಂದು ಬರೆಸುತ್ತಿದ್ದಳು.
ನಾನು ಖಾಲಿ ಬಿಟ್ಟೆ.

ಮರುದಿನ ಅವನ ದೋಣಿ ಹೊರಟಿತ್ತು.
ಮಲ್ಪೆಗೆಂದು ಒಬ್ಬ, ರತ್ನಾಗಿರಿಗೆಂದು ಇನ್ನೊಬ್ಬ.

ಶನಿವಾರ ಮಾವಶಿ ಪಾಪನಿವೇದನೆಗೆ ಹೋಗಿ
ಎರಡು ಹೇಳಿದಳಂತೆ:
ಗುರುವಾರದ ಬಲಿಪೂಜೆ ತಪ್ಪಿಸಿದೆ.
ಆ ಹುಡುಗ ಹೋದ ಮೇಲೆ ಸ್ಟೀಲಿನ ಚಮಚ ಎಣಿಸಿದೆ.
ಯಾವುದಕ್ಕೆ ಎಷ್ಟು ಜಪ ಸಿಕ್ಕಿತೋ, ಬಾಯಿ ಬಿಡಲಿಲ್ಲ.
ಹನ್ನೊಂದಿದ್ದವು. ಹಿಂದೆಯೂ ಹನ್ನೊಂದೇ.
ಹನ್ನೆರಡನೆಯದನ್ನು ಚಿಕ್ಕವನಿದ್ದಾಗ ಬಾವಿಗೆ ಬೀಳಿಸಿ
ಇಂದಿನವರೆಗೂ ನಾನು ಯಾರಿಗೂ ಹೇಳಿಲ್ಲ.

ಈಸ್ಟರಿನ ಬೆಳಿಗ್ಗೆ ಅದೇ ಬೋಗುಣಿಯಲ್ಲಿ
ಸಿಗಡಿ ಸುಲಿಯುತ್ತ, ತಲೆಯೆತ್ತದೆ, ಅಂದಳು:
"ಮುಂದಿನ ಸಲ ಕರೆದರೆ ಕಾಲು ತೊಳೆಯದೇ ಹೋಗು.
ಪಾದ್ರಿಗೂ ಸ್ವಲ್ಪ ಕೆಲಸ ಬೇಡವೇನು?"