ಅರ್ಕಾವತ್ತು

ಗ್ರಿಮ್ಸ್‌ಬಿಯಲ್ಲಿ ಮೀನಿನ ಹರಾಜು ಮುಗಿದು
ನೆಲ ತೊಳೆದ ನೀರು ಇನ್ನೂ ಹರಿಯುತ್ತಿದ್ದಾಗ
ಲೆಸ್ ಥಾರ್ಬಿ ಗಂಬೂಟಿನಲ್ಲೇ ಮೆಟ್ಟಿಲೇರಿ ಬಂದ.
‘ಸಿಲ್ವರ್ ಟರ್ನ್ ನನ್ನ ದೋಣಿ. ಇರುವುದೊಂದೇ.
ನಿನ್ನ ಪಟ್ಟಿಯಲ್ಲಿ ಎರಡು ಹೇಗಾಯಿತು?’

ನಿಜ, ಎರಡಿದ್ದವು.
ಒಂದಕ್ಕೆ ಇಪ್ಪತ್ತೆಂಟು ಪೆಟ್ಟಿಗೆ ಹ್ಯಾಡಕ್,
ಇನ್ನೊಂದಕ್ಕೆ ಹದಿನಾಲ್ಕು.
ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ, ಅದೇ ಹೆಸರು.
ಯಂತ್ರ ಮಾತ್ರ ಬೇರೆ, ಬೇರೆ ಎನ್ನುತ್ತಿತ್ತು
ಅವಳಿಗಳ ತಾಯಿಯಷ್ಟು ಖಚಿತವಾಗಿ.

ನನ್ನ ಮೇಜಿನ ಮೇಲಿರುವುದು ವಿಂಡೋಸ್.
ಅದರೊಳಗೆ ಬಾಡಿಗೆಗೆ ಬಂದು ಕೂತಿವೆ
ಯುನಿಕ್ಸಿನ ಹತಾರಗಳು, ಗ್ರೆಪ್ಪು, ಸಾರ್ಟು.
ಮನೆಯೊಡೆಯ ಸಾಲು ಮುಗಿಸಿ ಎರಡು ಗುರುತು ಹಾಕುತ್ತಾನೆ,
ಒಂದು ಸಾಕಲ್ಲ ಎನ್ನುತ್ತವೆ ಇವು.
ಮಿಕ್ಕದ್ದು ಹೆಸರಿನ ಅಂಚಿಗೆ ಹತ್ತಿಕೊಳ್ಳುತ್ತದೆ
ಉತ್ತರಾಣಿ ಮುಳ್ಳಿನ ಹಾಗೆ.

ಹೆಸರಾದ ಮೇಲೆ ‘ದೋಣಿ’ ಅಂತ ಬರೆ ಎಂದೆ.
ಪರದೆಯ ಮೇಲೆ ಮೂಡಿತು:
ದೋಣಿರ್ ಟರ್ನ್.

ಕೊಟ್ರಮ್ಮ ಟೀಚರು ನೆನಪಾದರು.
ಸ್ಲೇಟಿನಲ್ಲಿ ಸೂರ್ಯ ಬರೆಸುತ್ತ,
‘ಹಿಂದೆ ನಿಂತದ್ದು ಮೊದಲು ನುಡೀತದ ನೋಡು, ಅದು ಅರ್ಕಾವತ್ತು.’
ಇದೂ ಅಂಥದೇ. ಸಾಲಿನ ಬಾಲದಲ್ಲಿ ಕೂತು
ಸಾಲಿನ ತಲೆಗೆ ಕೈ ಹಾಕುತ್ತದೆ.
ನಮ್ಮದು ಕಣ್ಣಿಗಾದರೂ ಕಾಣುತ್ತಿತ್ತು.

ಚಹಾ ತಂದಿಟ್ಟ ಡೊರೀನ್
ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ ಟೈಪಿಸ್ಟ್.
ಎಡಗೈಯಿಂದ ಗಾಳಿಯಲ್ಲೊಂದು ಸನ್ನೆಗೋಲು ತಳ್ಳಿ ತೋರಿಸಿದಳು.
‘ಬಂಡಿ ಹಿಂದಕ್ಕೆ. ಕಾಗದ ಮೇಲಕ್ಕೆ. ಎರಡು ಕೆಲಸ, ಪುಟ್ಟಿ.
ಒಂದನ್ನೇ ಮಾಡಿದರೆ
ಬರೆದದ್ದರ ಮೇಲೇ ಬರೆಯುತ್ತೀಯ.’
ಟಿಂಗ್, ಅಂದಳು ಬಾಯಲ್ಲೇ.

ಹದಿಮೂರು ಅದರ ಸಂಖ್ಯೆ.
ಎಲ್ಲಿದ್ದರೂ ಕಿತ್ತು ಹಾಕು ಎಂದು
ಇಡೀ ಫೋಲ್ಡರಿಗೆ ಅಪ್ಪಣೆ ಕೊಟ್ಟೆ.
ಎರಡು ದೋಣಿ ಒಂದಾಯಿತು, ನಲವತ್ತೆರಡು ಪೆಟ್ಟಿಗೆ.
ಲೆಸ್ ಟೋಪಿ ಸರಿಮಾಡಿಕೊಂಡು ಇಳಿದುಹೋದ,
ಥ್ಯಾಂಕ್ಸು ಗೀಂಕ್ಸು ಏನಿಲ್ಲ.

ಊಟದ ಹೊತ್ತಿಗೆ ಗೊತ್ತಾಯಿತು.
ಅದೇ ಫೋಲ್ಡರಿನಲ್ಲಿ ಡೊರೀನ್ ಇಟ್ಟಿದ್ದ ಒಂದು ಫೋಟೊ:
ಅವಳಣ್ಣ, ಎಪ್ಪತ್ತೆರಡನೇ ಇಸವಿ,
ದೋಣಿಯ ಮೂತಿಯ ಮೇಲೆ ಕಾಲು ಇಳಿಬಿಟ್ಟು.
ಅದರೊಳಗೂ ಹದಿಮೂರುಗಳಿದ್ದವು.
ಅಲ್ಲಿ ಅವು ಸಾಲಿನ ಕೊನೆಯಲ್ಲ;
ಒಂದು ಅಲೆಯ ಬೂದು ಇರಬಹುದು,
ಗಲ್ಲದ ನೆರಳಿರಬಹುದು.
ಎರಡು ಬೆರಳಗಲ ಆಕಾಶ ತೆರೆಯಿತು,
ಆಮೇಲೆ ಬರೀ ಹಸಿರು ಪಟ್ಟೆ.

ಹೇಳಿಬಿಟ್ಟೆ.
ಕನ್ನಡಕ ತೆಗೆದು, ಮತ್ತೆ ಹಾಕಿ, ನೋಡಿದಳು.
‘ಆಕಾಶ ಬಂದಿದೆಯಲ್ಲ.
ಮನೆಯಲ್ಲಿ ಕಾಗದದ್ದಿದೆ, ನಾಳೆ ತರುತ್ತೇನೆ.
ಈ ಸಲ
ಓದಲಿಕ್ಕೆ ಹೋಗಬೇಡ ಅದನ್ನ.
ಇದ್ದ ಹಾಗೇ ಇಡು.’