ಒಂಬತ್ತು ಮನೆಯ ಪದ

ಕೌಂಟಿ ಡೌನಿನಲ್ಲಿ, ಡ್ರೊಮಾರಾ ಬೆಟ್ಟದ ಬುಡಕ್ಕೆ,
ಹೆಸ್ಟರ್ ಮೆಗಾವನ್ ಅಡುಗೆಮನೆಯ ಮೇಜಿನ ಮೇಲೆ
ಹಳೆಯ ಪತ್ರಿಕೆಯ ಒಂದು ಹಾಳೆ ಬಿಡಿಸಿದ್ದಾಳೆ.
ಹಾಳೆಯ ಮೂಲೆಯಲ್ಲಿ ಪದಬಂಧ.
ಪದಬಂಧದಲ್ಲಿ ತಮ್ಮ ವಿಲ್ಬರ್ಟನ ಪೆನ್ಸಿಲ್ಲು.

ಹದಿನೇಳು, ಎಡದಿಂದ ಬಲಕ್ಕೆ:
'ಅರಳಿದ್ದೇ ತಡ, ಓಟ ಕೀಳುವಂಥದು.' ಒಂಬತ್ತು ಮನೆ.

ಮೊದಲು ಟ್ರಾನ್ಸಿಯೆಂಟ್ ಬರೆದಿದ್ದ; ಅಳಿಸಿದ್ದ.
ಆಮೇಲೆ ಎಫೆಮರಲ್; ಅದನ್ನೂ ಅಳಿಸಿದ್ದ.
ಅವರ ಲೆಕ್ಕದಲ್ಲಿ ಎರಡಕ್ಕೂ ಒಂಬತ್ತೇ ಅಕ್ಷರ,
ಎರಡೂ ಕ್ಷಣಿಕವೇ, ಆದರೂ ಕೂರಲಿಲ್ಲ.
ರಬ್ಬರು ಉಜ್ಜಿ ಉಜ್ಜಿ ಕಾಗದ ಸವೆದು
ಐದನೆಯ ಮನೆಯಲ್ಲಿ ತೂತು,
ತೂತಿನಲ್ಲಿ ಮೇಜಿನ ಬಟ್ಟೆಯ ಬಿಳಿ.

ಒಂದು ಕಡೆ ಕೂತವನಲ್ಲ ಅವನೂ.
ನಲವತ್ತು ವರ್ಷ ಬಸ್ಸು ಓಡಿಸಿದ,
ಎಲ್ಲ ನಿಲ್ದಾಣದಿಂದಲೂ ಎರಡು ನಿಮಿಷ ಮೊದಲೇ ಹೊರಟ.
ಚೀಲ ಹಿಡಿದು ಏದುಸಿರಲ್ಲಿ ಬಂದ ಹೆಂಗಸರು
ಹೊಗೆಗೆ ಬೈದರು, ಹಿಂದಿನ ಗಾಜಿಗೆ ಬೈದರು.
ಚರ್ಚಿನಲ್ಲಿ ಕೊನೆಯ ಕೀರ್ತನೆಗೆ ಮುಂಚೆ ಎದ್ದ,
ಮದುವೆಯಲ್ಲಿ ಫೋಟೋಗೆ ಮುಂಚೆ;
ಹಿರಿಯಕ್ಕನ ಮದುವೆಯ ಪಟದಲ್ಲಿ ಅವನು
ಅಂಚಿಗೆ ಉಳಿದ ಅರ್ಧ ಭುಜ.
ಮೊನ್ನೆ ಜೂನ್ ಎಂಟರಂದು, ಚಹಾ ಇನ್ನೂ ಬಿಸಿಯಿದ್ದಾಗಲೇ
ಸರಿ, ಅದನ್ನು ಬಿಡಿ.

ಕನ್ನಡಕ ಏರಿಸಿ ಹೆಸ್ಟರ್ ಮೇಲಿಂದ ಕೆಳಕ್ಕೆ ಇಳಿದಳು.
ಅದೇ ಮೂಲೆಗೆ ಅಂಟಿದ ನಾಲ್ಕು ಮನೆ, ಖಾಲಿ:
'ಲಿನನ್ನಿನ ತಾಯಿ.'
ನಕ್ಕಳೋ, ಬಿಕ್ಕಿದಳೋ. ಪೆದ್ದಾ,
ಕಿಟಕಿಯಾಚೆ ಅರ್ಧ ಎಕರೆ
ಏಪ್ರಿಲಿನಲ್ಲಿ ನೀನೇ ಬಿತ್ತಿದ್ದಲ್ಲವೇನೋ!
ಹೂ ಬಿಡುವ ತನಕವೂ ತಡೆಯದೆ ಹೋದೆ.
ಫ್ಲಾಕ್ಸ್. ಅಗಸೆ.

ನನ್ನ ನುಡಿಯಲ್ಲಿ ಊರ ಹೆಬ್ಬಾಗಿಲಿಗೂ ಇದೇ ಹೆಸರು,
ಬರುವವರಿಗೂ ಹೋಗುವವರಿಗೂ ಒಂದೇ ಅಗಸೆ.
ಹೆಸ್ಟರಳಿಗೆ ಇದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಅವಳಿಗೆ ಸಿಕ್ಕಿದ್ದು ಒಂದು ಎಫ್.
ಎಂಜಲು ಹಚ್ಚಿದ ಬೆರಳಲ್ಲಿ ನಿಘಂಟು ತಿರುವಿ
ಒಂಬತ್ತು ಗಂಟೆಯ ಹೊತ್ತಿಗೆ ಹಿಡಿದಳು ಅದನ್ನು:
ಫ್ಯುಗೇಶಸ್.
ನಮ್ಮ ಲಿಪಿಯಲ್ಲಾದರೆ ನಾಲ್ಕೇ ಅಕ್ಷರಕ್ಕೆ ಮುಗಿದುಹೋಗುತ್ತದೆ,
ಅರ್ಥಕ್ಕೆ ತಕ್ಕ ಆಯುಸ್ಸು.

ಲ್ಯಾಟಿನ್ನಿನಲ್ಲಿ ಫುಗೆರೆ ಎಂದರೆ ಓಡು, ತಪ್ಪಿಸಿಕೊಂಡು ಓಡು.
ಅದರಿಂದ ಫುಗಾಕ್ಸ್: ಓಟವೇ ಸ್ವಭಾವವಾದವನು,
ಮಾತಿನ ನಡುವೆ ಚಪ್ಪಲಿ ಹುಡುಕುವವನು.
ಹೂವಿನ ಶಾಸ್ತ್ರದವರು ಆ ಮಾತನ್ನು ಹಿಡಿದು
ಬಾಡುವ ಮೊದಲೇ ಉದುರುವ ಎಸಳಿಗೆ ಕಟ್ಟಿದರು.
ಬಾಡಿ ಅಲ್ಲ. ಬಾಡುವ ಮೊದಲು.

ಅದೇ ಬೇರಿನ ಇನ್ನೊಂದು ಕುಡಿ, ರೆಫ್ಯೂಜಿ.
ಮಿಲ್ಲಿನ ಓಣಿಯ ಕೊನೆಯ ಮನೆಗೆ
ಹೋಮ್ಸ್ ಪಟ್ಟಣದಿಂದ ಬಂದ ಸಿಹಾಮ್
ಏಳು ವರ್ಷದಿಂದ ಅಲ್ಲೇ ಇದ್ದಾಳೆ.
ಅವಳು ನೆಟ್ಟ ಪುದೀನ ಗೋಡೆ ನುಸಿದು
ಹೆಸ್ಟರಳ ಹಿತ್ತಲಿಗೂ ಹಬ್ಬಿದೆ;
ಪದ ಮಾತ್ರ ಅವಳನ್ನು ಇನ್ನೂ ಓಡಿಸುತ್ತಲೇ ಇದೆ.

ಹೊರಗೆ ಹೊಲ ತೆರೆದಿತ್ತು,
ಬಿಳಿಯಂಗಿ ಅದ್ದುವ ನೀಲಿ ನೀರಿನಷ್ಟು ತೆಳು ನೀಲಿ.
ಹತ್ತಾಯಿತು. ಹನ್ನೊಂದಾಯಿತು. ಗಾಳಿ ಬೇಕಿರಲಿಲ್ಲ.
ಒಂದು ಎಸಳು, ಆರು, ಆಮೇಲೆ ಎಣಿಸುವ ಮಾತೇ ಇಲ್ಲ.
ಹನ್ನೆರಡೂವರೆಗೆ ಬರೀ ಹಸಿರು ಹೊಲ
ಏನೂ ನಡೆದೇ ಇಲ್ಲವೆಂಬ ಮುಖ ಮಾಡಿ ನಿಂತಿತ್ತು.

ಕೆಳಗಿನ ರಸ್ತೆಯಲ್ಲಿ ಬಸ್ಸು ಬಂತು. ಕಾಯಿತು.
ಹೊಸ ಡ್ರೈವರು, ಗಡಿಯಾರದ ಮನುಷ್ಯ.

ಮೇಜಿನ ಬಟ್ಟೆ ಅಜ್ಜಿಯದು. ಇದೇ ಹೊಲದ ನಾರು:
ಕೊಳೆಸಿ, ಬಡಿದು, ಬಾಚಿ, ನೂತು, ನೇಯ್ದದ್ದು,
ಎಷ್ಟು ಒಗೆದರೂ ಸವೆಯದೆ ಉಳಿದಿದೆ,
ಯಾರೋ ಚೆಲ್ಲಿದ ಪ್ಲಮ್ ಜಾಮಿನ ಕಲೆ ಸಮೇತ.

ಅವನದೇ ಮೋಟು ಪೆನ್ಸಿಲ್ಲಿನಲ್ಲಿ ಹೆಸ್ಟರ್
ಒಂದೊಂದೇ ಮನೆ ತುಂಬಿದಳು.
ಐದನೆಯ ಅಕ್ಷರ ಕಾಗದದಲ್ಲಿ ನಿಲ್ಲಲಿಲ್ಲ;
ತೂತಿನೊಳಗೆ ಇಳಿದು ಲಿನನ್ನಿನ ಮೇಲೆ ಮೂಡಿತು,
ಒಂದು ಕಡೆ ಬಾಗಿಲು ತೆಗೆದಿಟ್ಟ ಸಿ.

ಒಗೆತದ ದಿನ ಸೋಮವಾರ.
ಇವತ್ತು ಗುರುವಾರ.