ತೂತಿನ ಲೆಕ್ಕ

ಅಬ್ದುಲ್ ರೆಹಮಾನ್ ಸ್ಟ್ರೀಟಿನ ಅಂಗಡಿಯವ
ಆರು ಪಂಚು ಸಾಲಾಗಿ ಇಟ್ಟ:
ಚಿಟ್ಟೆ, ಹೃದಯ, ಹಿಮದ ಹರಳು, ಮೇಪಲ್ ಎಲೆ,
ಅಂಚಿಗೊಂದು ಜಾಲರಿ, ಮೂಲೆಗೊಂದು ಬಳ್ಳಿ.
ಮಲ್ಲಿಗೆ ಇಲ್ಲವಾ, ಅಂದೆ.
ಮಲ್ಲಿಗೆ ಯಾರೂ ಕಳಿಸೋದಿಲ್ಲ ಭಾಭಿ,
ಹಿಮ ಎಷ್ಟು ಬೇಕೋ ಅಷ್ಟಿದೆ.

ಹೀಗೆ ಆಂಟಾಪ್ ಹಿಲ್ಲಿನ ಮೂರನೇ ಮಾಳಿಗೆಯಲ್ಲಿ
ಮೇ ತಿಂಗಳ ಮಧ್ಯಾಹ್ನ
ಫ್ಯಾನು ನಿಲ್ಲಿಸಿಕೊಂಡು, ಹಚ್ಚಿದರೆ ಎಲ್ಲ ಹಾರಿಹೋಗುತ್ತದೆ,
ಬೆವರೊರೆಸುತ್ತ ಹಿಮ ಕತ್ತರಿಸುತ್ತೇನೆ.

ಪಂಚನ್ನು ಬೋರಲು ಹಿಡಿಯಬೇಕು.
ಆಗ ಕಾಗದ ಎಲ್ಲಿ ಕೂತಿದೆ ಕಾಣುತ್ತದೆ.
ಅಲಗು ಮೊಂಡಾದರೆ, ಚಪಾತಿ ಸುತ್ತುವ ಬೆಳ್ಳಿ ಹಾಳೆಯನ್ನು
ನಾಲ್ಕು ಮಡಿಕೆ ಮಾಡಿ ಹತ್ತು ಸಲ ಕಚ್ಚಿಸಬೇಕು.
ಸಿಕ್ಕಿಕೊಂಡರೆ ಮೇಣದ ಕಾಗದ.
ಇದನ್ನು ಯಾರೂ ಹೇಳಿಕೊಡಲಿಲ್ಲ,
ಕೆಟ್ಟುಹೋದ ಕಾಗದಗಳು ಹೇಳಿಕೊಟ್ಟವು.

ಮಾಟುಂಗಾದಲ್ಲಿ ಯಾರದೋ ಮಗುವಿಗೆ ಹೆಸರಿಡುವುದಿತ್ತು.
ಇನ್ನೂರು ಕಾರ್ಡು, ಕಾರ್ಡಿಗೆ ಏಳು ಚಿಟ್ಟೆ,
ಸಾವಿರದ ನಾನೂರು.
ಆರುನೂರಕ್ಕೇ ನನ್ನ ಹೆಬ್ಬೆರಳು ಬಾತು ಗುಂಡುಬದನೆ.
ಮಾವ ಮೂರು ದಿನದಿಂದ ನೋಡುತ್ತಿದ್ದರು,
ಪೇಪರು ಓದುವ ಹಾಗೆ ಮಾಡುತ್ತ.
"ಕೊಡು ಇಲ್ಲೆ," ಅಂದರು.

ಸಿದ್ರಾಮಪ್ಪ ಹೂಗಾರ. ವಡಾಲಾ ಡಿಪೋ. ಮೂವತ್ತೊಂದು ವರ್ಷ ಕಂಡಕ್ಟರು.
ಬಿಲ್ಲೆಯ ನಂಬರು ಇವತ್ತಿಗೂ ಬಾಯಿಪಾಠ.
ತಗಡಿನ ಪೆಟ್ಟಿಗೆ, ಬಣ್ಣಬಣ್ಣದ ಟಿಕೆಟ್ಟಿನ ಕಟ್ಟು, ತೂತಿನ ಇಕ್ಕಳ,
ಟಿಕೆಟ್ಟಿನ ಯಂತ್ರ ಬಂದ ವರ್ಷ
ಎಲ್ಲವನ್ನೂ ಸಹಿ ಮಾಡಿ ಒಪ್ಪಿಸಿ ಬಂದವರು.
ಹೆಬ್ಬೆರಳೊಂದು ಮಾತ್ರ ಮನೆಗೆ ಬಂತು.
ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು,
ನಿದ್ದೆಯಲ್ಲೂ ಹೊದಿಕೆಯ ಅಂಚಿಗೆ ತೂತು ಹೊಡೀತಾರೆ ಅಂತ.

ಅವರು ಕಾಗದ ನೋಡಲೇ ಇಲ್ಲ.
ಕಣ್ಣು ಕಿಟಕಿಯಾಚೆ, ಕೈ ತನ್ನ ಪಾಡಿಗೆ.
ಚಿಟ್ಟೆ ಉದುರಿತು. ಚಿಟ್ಟೆ ಉದುರಿತು.
ಐದಾರು ಆದಮೇಲೆ ಸುಮ್ಮನೆ ಗಾಳಿಯಲ್ಲಿ
ಟಿಕ್ ಟಿಕ್ ಟಿಕ್, ಕಾಗದವೇ ಇಲ್ಲದೆ.
ಅಲಗು ಸವೆಯುತ್ತೆ ಮಾವ, ಅಂದೆ.
"ಹಂಗ ಬಡೀದಿದ್ರ ಮಂದಿಗೆ ಹೆಂಗ ಗೊತ್ತಾಗಬೇಕ,
ನಾ ಬಂದೀನಿ ಅಂತ?"
ಆಮೇಲೆ ಬಹಳ ಹೊತ್ತು, ತುಟಿಯೊಳಗೇ,
ಪುಢೇ ಚಲಾ, ಪುಢೇ ಚಲಾ.
ಗುಲಾಬಿ ಚಿಟ್ಟೆಗಳು ಸ್ಟೀಲಿನ ತಾಟಿನಲ್ಲಿ
ಒಂದರ ಮೇಲೊಂದು ಸರಿದು ಜಾಗ ಮಾಡಿಕೊಟ್ಟವು.

ತೂತುಬಿದ್ದ ಹಾಳೆ ಮುದುಡಿ ಬುಟ್ಟಿಗೆಸೆದೆ.
ಬಗ್ಗಿ ಎತ್ತಿಕೊಂಡರು, ತೊಡೆಯ ಮೇಲೆ ತೀಡಿದರು.
"ಇದನ್ಯಾಕ ಒಗೀತಿ?
ನಮ್ಮ ಕಡೆ ತೂತಿಗೇ ರೊಕ್ಕ.
ಉದುರಿದ ಚೂರನ್ನ ಯಾರು ಕೇಳತಿದ್ರು?"
ಮೂವತ್ತೊಂದು ವರ್ಷ ಬಸ್ಸಿನ ನೆಲದಲ್ಲಿ ಬಿದ್ದ
ಸಾಸಿವೆಯಷ್ಟು ದುಂಡನೆಯ ಚೂರುಗಳು,
ಕಸಗುಡಿಸುವವನ ಪೊರಕೆಗೆ ಹೋದ ಚೂರುಗಳು
ನನ್ನ ಬಳಿ ಡಜನ್ನಿನ ಲೆಕ್ಕದಲ್ಲಿ ಮಾರಾಟಕ್ಕಿವೆ.
ನನಗೆ ಉತ್ತರ ಹೊಳೆಯಲಿಲ್ಲ.
ಆ ಹಾಳೆಯನ್ನು ಹಳದಿ ರಟ್ಟಿನ ಮೇಲೆ ಅಂಟಿಸಿದೆ.
ಚಿಟ್ಟೆ ಹೋದ ಜಾಗದಲ್ಲೆಲ್ಲ
ಚಿಟ್ಟೆಯಾಕಾರದ ಬಿಸಿಲು.
ಚೆನ್ನಾಗಿತ್ತು. ಮಾಟುಂಗಾದವರು ಮಾತ್ರ
ಇದು ಬೇಡ, ಉಬ್ಬಿದ್ದೇ ಇರಲಿ ಅಂದರು.

ರಾತ್ರಿ ಎಣಿಸಿದಾಗ ಎರಡು ಚಿಟ್ಟೆ ಕಡಿಮೆ.
ಎರಡಲ್ಲವೇ, ನಾಳೆ ಹೊಡೆದರಾಯಿತು, ಅಂದು ಮಲಗಿದೆ.
ಮಾವ ಮಲಗಲಿಲ್ಲ. ಲೆಕ್ಕ ತಪ್ಪಿದ ಟಿಕೆಟ್ಟಿನ ದುಡ್ಡು
ಕಂಡಕ್ಟರನ ಕಿಸೆಯಿಂದಲೇ ಹೋಗಬೇಕು, ಅದು ಕಾನೂನು.
ಟಾರ್ಚು ಹಿಡಿದು ಸೋಫಾದ ಕೆಳಗೆ,
ಗ್ಯಾಸಿನ ಸಿಲಿಂಡರಿನ ಹಿಂದೆ,
ಮೊಣಕಾಲೂರಿ ತಡಕಾಡುವ ಸದ್ದು ಕೇಳಿಸುತ್ತಿತ್ತು.

ಬೆಳಿಗ್ಗೆ ನೋಡಿದರೆ ಒಂದು
ಅವರ ಹಿಮ್ಮಡಿಗೇ ಅಂಟಿಕೊಂಡಿತ್ತು.
ಇನ್ನೊಂದು ಇನ್ನೂ ಸಿಕ್ಕಿಲ್ಲ.
ತಾಟಿನ ಪಕ್ಕ ಒಂದು ರೂಪಾಯಿ ಇಟ್ಟಿದ್ದರು.